ಮುಚ್ಚಿಟ್ಟ ಮುದ್ದೆ

ನನಗೆ ಸಕ್ಕರೆ ಕಾಯಿಲೆ ಇದೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನನ್ನ ಸಿಟ್ಟು ಕಾಯಿಲೆಯ ಮೇಲಲ್ಲ, ಮರ್ಯಾದೆಯ ಮೇಲೆ. ಕಾಯಿಲೆಗಾದರೆ ದುರ್ಗದ ಡಾಕ್ಟರ ಹತ್ತಿರ ಮಾತ್ರೆಯಿದೆ. ಮರ್ಯಾದೆಗೆ ಹಿರಿಯೂರಿನಿಂದ ಹೊಳಲ್ಕೆರೆಯವರೆಗೆ ಎಲ್ಲಿ ಹುಡುಕಿದರೂ ಮದ್ದು ಸಿಗುವುದಿಲ್ಲ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಬಂದು ನಾಲ್ಕೈದು ವರ್ಷವಾಯಿತು. ಇಲ್ಲಿ ನಮ್ಮ ದುರ್ಗದ ಜಿಲ್ಲೆಯಲ್ಲಿ, ರಾಗಿ ಬೆಳೆಯುವ ಸೀಮೆಯಲ್ಲಿ, ರಾಗಿ ತಿನ್ನುವ ಜನರ ನಡುವೆ, ನನಗೆ ಒಂದು ಮುದ್ದೆ ಹುಟ್ಟುವುದಿಲ್ಲ ಎಂದರೆ ನೀವು ನಂಬುತ್ತೀರಾ?

ಮೊದಲಿನಿಂದ ಹೇಳುತ್ತೇನೆ. ಹೊಸ ಚಪ್ಪಲಿ ಕಚ್ಚಿ ಬಲಗಾಲಿನ ಹೆಬ್ಬೆರಳಿಗೆ ಗಾಯವಾಯಿತು. ಎರಡು ತಿಂಗಳಾದರೂ ಮಾಯಲಿಲ್ಲ. ಡಾಕ್ಟರು ಗಾಯವನ್ನು ನೋಡಿದ್ದಕ್ಕಿಂತ ನನ್ನ ಹೊಟ್ಟೆಯನ್ನು ಹೆಚ್ಚು ಹೊತ್ತು ನೋಡಿದರು. ಆಮೇಲೆ ಒಂದು ಚೀಟಿಯಲ್ಲಿ ಬರೆದುಕೊಟ್ಟು ಬಾಯಲ್ಲೂ ಹೇಳಿದರು: "ಅನ್ನ ಬಿಡ್ರಿ, ಸಿಹಿ ಬಿಡ್ರಿ. ಎರಡು ಹೊತ್ತೂ ಮುದ್ದೆ, ಸೊಪ್ಪಿನ ಸಾರು. ಇಲ್ಲಾಂದ್ರೆ ಬೆರಳು ಬಿಡಬೇಕಾಗ್ತೈತೆ ನೋಡ್ರಿ."

ನನಗೆ ಮೈ ಉರಿದುಹೋಯಿತು. ಹೊಳಲ್ಕೆರೆ ಸೀಮೆಯ ಒಕ್ಕಲು ಮನೆಯಲ್ಲಿ ಹುಟ್ಟಿದವನು ನಾನು. ಹಬ್ಬಕ್ಕೊಮ್ಮೆ ಅನ್ನ ಕಂಡವನು. ಓದಿ, ಮೇಷ್ಟರಾಗಿ, ಶಾಲೆಗಳ ಇನ್ಸ್‌ಪೆಕ್ಟರಾಗಿ, ಮನೆಯಲ್ಲಿ ಎರಡು ಹೊತ್ತು ಅನ್ನ ಬೇಯುವಂತೆ ಮಾಡಿಕೊಳ್ಳುವುದಕ್ಕೆ ಮೂವತ್ತು ವರ್ಷ ಹಿಡಿದಿತ್ತು. ಆ ಮೂವತ್ತು ವರ್ಷವನ್ನು ಈ ಮನುಷ್ಯ ಅರ್ಧ ಸಾಲಿನಲ್ಲಿ ಹೊಡೆದುಹಾಕಿದ. ಅದಕ್ಕೆ ಫೀಸನ್ನೂ ತೆಗೆದುಕೊಂಡ.

ಆದರೆ ಬೆರಳಿನ ಪ್ರಶ್ನೆ. ನನ್ನ ಹೆಂಡತಿ ಅಟ್ಟದ ಮೇಲಿದ್ದ ಮುದ್ದೆ ಕೋಲನ್ನು ಇಳಿಸಿ ತೊಳೆದಳು. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಅಡುಗೆ ಶುರುವಾದವು. ಒಂದು ಒಲೆಯ ಮೇಲಿನದು, ಇನ್ನೊಂದು ಬಚ್ಚಲ ಗೂಡಿನದು. ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ಅದಕ್ಕೆ ನನ್ನ ಮೂತ್ರದ ಎಂಟು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ, ನಾನು ಗೆದ್ದೆ. ಹಸಿರಾದರೆ ಪರವಾಗಿಲ್ಲ. ಹಳದಿಯಾದರೆ ಬೈಗುಳ. ಇಟ್ಟಿಗೆಯ ಬಣ್ಣಕ್ಕೆ ತಿರುಗಿದರೆ ಹೆಂಡತಿ ಬೈಯುವುದನ್ನೂ ಬಿಟ್ಟು ನನ್ನ ಕಾಲನ್ನು ನೋಡುತ್ತಾಳೆ. ಆರು ವಾರ ಮುದ್ದೆ ನುಂಗಿದ ಮೇಲೆ ನಳಿಗೆ ಹಸಿರಿಗೆ ಬಂತು, ಗಾಯದ ಅಂಚು ಒಣಗಿತು. ಹಳೆಯ ರುಚಿಯೂ ನಾಲಿಗೆಗೆ ಮರಳಿ ಬಂದಿತ್ತು, ಸುಳ್ಳು ಹೇಳಲಾರೆ. ಅಷ್ಟರಲ್ಲಿ ಹಳ್ಳಿಗಳ ಪ್ರವಾಸದ ತಿಂಗಳು ಬಂತು. ನನ್ನ ಕಷ್ಟ ಶುರುವಾದದ್ದು ಆಗ.

ಮತ್ತೋಡಿನ ಆಚೆ ಒಂದು ಹಳ್ಳಿಗೆ ಹೋದೆ. ಹೆಡ್‌ಮಾಸ್ಟರು ತಿಪ್ಪೇಸ್ವಾಮಿ, ಐವತ್ತರ ಹತ್ತಿರದ ಸಾಧು ಮನುಷ್ಯ. ನಾನು ಹೋದಾಗ ಮೂರನೆಯ ತರಗತಿಯಲ್ಲಿ ಒಳ್ಳೆಯ ಆಹಾರದ ಪಾಠ ನಡೆದಿತ್ತು. ಗೋಡೆಯ ಮೇಲೆ ಬಣ್ಣದ ಚಿತ್ರಪಟ. ಅದರಲ್ಲಿ ಸೇಬು, ದ್ರಾಕ್ಷಿ, ಬೆಣ್ಣೆ ಹಚ್ಚಿದ ಬ್ರೆಡ್ಡು. ಆ ಊರಿನಲ್ಲಿ ಯಾರೂ ಕಣ್ಣಿಂದ ಕಾಣದ್ದೆಲ್ಲ ಅದರಲ್ಲಿತ್ತು, ರಾಗಿ ಮಾತ್ರ ಇರಲಿಲ್ಲ. ಮುಂದಿನ ಸಾಲಿನ ಒಂದು ಹುಡುಗಿಯನ್ನು "ಬೆಳಿಗ್ಗೆ ಏನು ಉಂಡೆಯಮ್ಮ?" ಎಂದು ಕೇಳಿದೆ. ಅವಳು ಎದ್ದು ನಿಂತು, ಕೈ ಹಿಂದಕ್ಕೆ ಕಟ್ಟಿಕೊಂಡು "ಅನ್ನ ಸಾರು ಸಾ" ಎಂದಳು. ಕಟ್ಟಿಕೊಳ್ಳುವ ಮೊದಲೇ ನಾನು ಆ ಕೈ ನೋಡಿದ್ದೆ. ಉಗುರಿನ ಸುತ್ತ ಮುದ್ದೆ ಒಣಗಿ ಅಂಟಿತ್ತು. ಎಂಟು ವರ್ಷದ ಕೂಸಿಗೆ ತಾನು ಉಂಡದ್ದನ್ನು ಹೇಳಲು ನಾಚಿಕೆ ಎಂದರೆ, ಆ ನಾಚಿಕೆಯನ್ನು ಕಲಿಸಿದವರು ಯಾರು? ಅದಂತೂ ನಮ್ಮ ಪಠ್ಯಪುಸ್ತಕದಲ್ಲಿಲ್ಲ.

ಮಧ್ಯಾಹ್ನ ಮೇಷ್ಟರ ಮನೆಯಲ್ಲಿ ಊಟ. ಅಂಗಳಕ್ಕೆ ಕಾಲಿಡುತ್ತಿದ್ದಂತೆ ಒಳಗಿನಿಂದ ಬಿಸಿ ಮುದ್ದೆಯ ಘಮ ಬಂತು, ಜೊತೆಗೆ ಹುರುಳಿ ಸಾರಿನದು. ಬದುಕಿದೆ ಎಂದುಕೊಂಡು ಕೂತೆ. ಎಲೆಯ ಮೇಲೆ ಬಿದ್ದದ್ದು ಮಲ್ಲಿಗೆಯಷ್ಟು ಬೆಳ್ಳಗಿನ ಅನ್ನ, ಎರಡು ಹೋಳಿಗೆ, ಹೋಳಿಗೆ ಕಾಣದಷ್ಟು ತುಪ್ಪ.

"ಮೇಷ್ಟ್ರೇ, ನನಗೊಂದು ಮುದ್ದೆ ಕೊಡಿಸಿ" ಎಂದೆ.

"ಏನ್ ತಮಾಷಿ ಮಾಡ್ತೀರ್ರಿ ಸಾಹೇಬ್ರೇ" ಎಂದು ಅವರು ನಕ್ಕರು.

ತಮಾಷೆಯಲ್ಲ, ನನಗೆ ಸಕ್ಕರೆ ಕಾಯಿಲೆ, ಬೆರಳಿಗೆ ಗಾಯ, ಡಾಕ್ಟರು ಹೀಗೆ ಹೇಳಿದ್ದಾರೆ ಎಂದು ವಿವರವಾಗಿ ಹೇಳಿದೆ. ಮೇಷ್ಟರ ಮುಖ ಸಪ್ಪಗಾಯಿತು. "ಏನಾರ ತಪ್ಪಾಗೈತೇನ್ರಿ? ಹಾಜರಿ ಪುಸ್ತಕ ಈಗ್ಲೇ ತರಿಸ್ಲಾ?" ಎಂದರು. ಒಳಗಿನಿಂದ ಅವರ ತಾಯಿಯ ದನಿ ಕೇಳಿತು: "ಸಾಹೇಬ್ರಿಗೆ ಮುದ್ದೆ ಹಾಕಿದ್ರು ಅಂದ್ರೆ ಊರಾಗೆ ತಲೆ ಎತ್ತಂಗೈತೇನಪ್ಪ? ಒಂದಿನ ಉಂಡ್ರೆ ಏನಾಗ್ತೈತೆ, ಉಣ್ಣಾಕೆ ಹೇಳು!" ಮುದುಕಿಯೇ ಹೊರಗೆ ಬಂದು ಮೂರನೆಯ ಹೋಳಿಗೆ ಹಾಕಿದಳು. ಪಕ್ಕದಲ್ಲಿ ಕೂತ ಮೇಷ್ಟರು ನನಗೆ ಸಂಕೋಚವಾಗದಿರಲೆಂದು ತಾವೂ ಎರಡು ಹೋಳಿಗೆಯನ್ನು ತಲೆ ತಗ್ಗಿಸಿ ತಿಂದರು. ನಾನೂ ತಿಂದೆ. ಮುದುಕಿ ಎದುರಿಗೆ ನಿಂತಿದ್ದರೆ ನೀವೂ ತಿನ್ನುತ್ತಿದ್ದಿರಿ.

ಈ 'ಒಂದಿನ ಉಂಡ್ರೆ ಏನಾಗ್ತೈತೆ' ಎನ್ನುವ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಅವರಿಗೆ ಅದು ಒಂದೇ ದಿನ ಸ್ವಾಮಿ, ನಿಜ. ಆದರೆ ನಾನು ಹತ್ತು ಹಳ್ಳಿ ತಿರುಗುವವನು. ಹತ್ತು ಮನೆಯವರ ಒಂದೊಂದು ದಿನವೂ ನನ್ನ ಒಂದೇ ಹೊಟ್ಟೆಗೆ ಬೀಳುತ್ತದೆ. ಭರಮಸಾಗರದ ಕಡೆ ಒಬ್ಬರು ಮುದ್ದೆಯ ಬದಲು ಶಾವಿಗೆ ಪಾಯಸ ಕೊಟ್ಟರು. ಇನ್ನೊಂದೂರಿನಲ್ಲಿ "ಸಾಹೇಬ್ರು ಮುದ್ದೆ ಕೇಳಿದ್ರಂತೆ, ಬಾಳ ಸಿಟ್ಟಾಗವ್ರೆ" ಎಂಬ ಸುದ್ದಿ ನನಗಿಂತ ಮೊದಲೇ ಬಸ್ಸು ಹತ್ತಿ ಹೋಗಿತ್ತು. ಅಲ್ಲಿ ನಾನು ಬಾಯಿ ತೆಗೆಯುವ ಮೊದಲೇ ಹೋಳಿಗೆ ನಾಲ್ಕಕ್ಕೆ ಏರಿತ್ತು.

ರಾಗಿಗೆ ಈ ಗತಿ ಬರಬಾರದಿತ್ತು. ನಮ್ಮ ಅಜ್ಜಂದಿರು ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿ ಬಾಯಿ ಮುಚ್ಚಿಬಿಡುತ್ತಿದ್ದರು. ಎಷ್ಟೋ ವರ್ಷದ ಮೇಲೆ ತೆಗೆದರೂ ಕಾಳು ಕೆಟ್ಟಿರುತ್ತಿರಲಿಲ್ಲ. ಮಿಲ್ಲಿನ ಬಿಳಿ ಅಕ್ಕಿಗೆ ಮೂರು ತಿಂಗಳಲ್ಲಿ ಹುಳು ಬೀಳುತ್ತದೆ. ದುರ್ಗದ ಕೋಟೆಯ ಏಳು ಸುತ್ತನ್ನು ಹತ್ತಿಳಿದು ಕಾವಲು ಕಾದವರು ಹೋಳಿಗೆ ತುಪ್ಪ ತಿಂದು ಹತ್ತಿದರೆಂದು ನನಗನ್ನಿಸುವುದಿಲ್ಲ. ನಾನು ಹಾಗೆ ತಿಂದು ಒಮ್ಮೆ ಪ್ರಯತ್ನಪಟ್ಟೆ, ಎರಡನೆಯ ಬಾಗಿಲಲ್ಲೇ ಕೂತುಬಿಟ್ಟೆ. ಈಗ ನೋಡಿ, ಹೊರದೇಶದ ಗೋಧಿ ರವೆ ಹಡಗು ಹತ್ತಿ ಬಂದು ನಮ್ಮ ಶಾಲೆಗಳಲ್ಲಿ ಉಪ್ಪಿಟ್ಟಾಗುತ್ತಿದೆ. ಅದನ್ನು ಮಕ್ಕಳು ಬಯಲಲ್ಲಿ ಸಾಲಾಗಿ ಕೂತು ಉಣ್ಣುತ್ತಾರೆ, ಮುದ್ದೆಯನ್ನು ಮಾತ್ರ ಮನೆಯೊಳಗೆ ಮುಚ್ಚಿಟ್ಟು ಉಣ್ಣಬೇಕು.

ಪ್ರವಾಸ ಮುಗಿಸಿ ಬಂದ ಬೆಳಿಗ್ಗೆ ನಳಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಬೆರಳಿನಲ್ಲಿ ಮತ್ತೆ ಕೀವಾಯಿತು. ನಾನು ಮೂರು ದಿನ ಒಂದೇ ಸಮನೆ ಬೈದೆ. ಹೋಳಿಗೆಯನ್ನು ಬೈದೆ, ಮುದುಕಿಯನ್ನು ಬೈದೆ, ಮನೆಗೆ ಬಂದವನ ಕಾಲು ಹೋದರೂ ಸರಿ, ತಮ್ಮ ಮರ್ಯಾದೆ ಉಳಿಯಲಿ ಎನ್ನುವ ಇಡೀ ಜಿಲ್ಲೆಯನ್ನು ಬೈದೆ. ಹೆಂಡತಿ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡಳು.

ದಸರಾ ರಜೆಯಲ್ಲಿ ಒಂದು ಮಧ್ಯಾಹ್ನ ಬಾಗಿಲಲ್ಲಿ ತಿಪ್ಪೇಸ್ವಾಮಿ ಮೇಷ್ಟರು ನಿಂತಿದ್ದರು. ದುರ್ಗದಲ್ಲಿ ಏನೋ ಕೆಲಸವಿತ್ತಂತೆ, ಹಾಗೇ ಕಂಡು ಹೋಗೋಣವೆಂದು ಬಂದಿದ್ದರು. ಅವರನ್ನು ಕೂರಿಸಿ, ಒಳಗೆ ಓಡಿ, ಹೆಂಡತಿಯ ಕಿವಿಯಲ್ಲಿ ನಾನು ಹೇಳಿದ ಮಾತನ್ನು ಇಲ್ಲಿ ಇದ್ದದ್ದು ಇದ್ದಹಾಗೆ ಬರೆಯುತ್ತೇನೆ: "ಬೇಗ ಅನ್ನಕ್ಕಿಡು. ಆ ಮುದ್ದೆ ಮುಚ್ಚಿಡು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮೂರು ದಿನ ಬೈದ್ರಲ್ಲ, ಅದು ಇವರನ್ನೇ ಅಲ್ಲೇನ್ರಿ?"

"ಅದು ಬೇರೆ. ಇವರು ನಮ್ಮ ಮನೆಗೆ ಬಂದವರು" ಎಂದೆ. ಅನ್ನುವಾಗ ನನಗೆ ಅದರಲ್ಲೇನೂ ತಪ್ಪು ಕಾಣಲಿಲ್ಲ.

ಇಬ್ಬರ ಎಲೆಗೂ ಅನ್ನ ಬಂತು, ತುಪ್ಪ ಬಂತು, ಪಾಯಸವೂ ಬಂತು. ಮೇಷ್ಟರು ಎಲೆಯ ಮುಂದೆ ಕೂತು ಕೈ ಹಾಕಲಿಲ್ಲ. ನಾನು "ಹಾಕಿಸ್ಕೊಳ್ರಿ, ಒಂದು ದಿನಕ್ಕೆ ಏನಾಗುತ್ತೆ" ಎಂದೆ. ಹೌದು, ನಾನೇ ಅಂದೆ. ಆಗ ಅವರು ಜೇಬಿನಿಂದ ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದು ನನ್ನ ಮುಂದಿಟ್ಟರು. ಅದೇ ಡಾಕ್ಟರು, ಅದೇ ಅಕ್ಷರ, ಅದೇ ಅನ್ನ ಬಿಡುವುದು, ಸಿಹಿ ಬಿಡುವುದು.

"ಎರಡು ವರ್ಷ ಆತ್ರಿ ಸಾಹೇಬ್ರೇ. ಮನೇಲೂ ಹೇಳಿಲ್ಲ. ಈಗ ಕಣ್ಣು ಮಂಜಾಗ್ತಾವೆ, ಬೋರ್ಡಿನ ಮ್ಯಾಲೆ ಬರ್ದಿದ್ದು ನನಗೇ ಕಾಣಲ್ಲ."

"ಆ ದಿನ ನಾನು ನನ್ನದನ್ನು ಹೇಳಿದಾಗಲಾದರೂ ನೀವು ಹೇಳಬಾರದಿತ್ತೇ? ಇಬ್ಬರೂ ಮುದ್ದೆ ಉಣ್ಣುತ್ತಿದ್ದೆವಲ್ಲ!"

"ಬಾಯಿಗೆ ಬಂದಿತ್ರಿ. ಆದ್ರೆ ನೀವು ಸಾಹೇಬ್ರು. ನಿಮಗೆ ಕಾಯಿಲೆ ಅಂದ್ರೆ ರಜ ಕೊಡ್ತಾರೆ. ನಮಗೆ ಅಂದ್ರೆ, ಇವನ ಕೈಲಿ ಆಗಲ್ಲ ಅಂತ ಬರೀತಾರೆ. ಬರಿಯೋರು ನೀವೇ ಅಲ್ಲೇನ್ರಿ?"

ನನಗೆ ನನ್ನ ವರದಿ ನೆನಪಾಯಿತು. ಅವರ ಮನೆಯ ಹೋಳಿಗೆ ಅರಗುವ ಮುಂಚೆಯೇ ಅವರ ಶಾಲೆಯ ಬಗ್ಗೆ ನಾನು ಬರೆದಿದ್ದೆ: 'ಕಪ್ಪುಹಲಗೆಯ ಬರವಣಿಗೆ ಓರೆಯಾಗಿದೆ, ಸುಧಾರಿಸಿಕೊಳ್ಳಬೇಕು.' ಇಡೀ ಜಿಲ್ಲೆಯನ್ನು ಬೈಯುವುದಕ್ಕೆ ಮೂರು ದಿನ ತೆಗೆದುಕೊಂಡಿದ್ದೆನಲ್ಲ, ಅದರಲ್ಲಿ ಒಂದು ಗಳಿಗೆಯನ್ನೂ ನನಗಾಗಿ ಇಟ್ಟುಕೊಂಡಿರಲಿಲ್ಲ. ಆ ಮನುಷ್ಯ ನನ್ನ ಪಕ್ಕದಲ್ಲಿ ಕೂತು ತನ್ನ ಕಣ್ಣನ್ನು ತಿಂದಿದ್ದ, ನಾನು ನನ್ನ ಬೆರಳನ್ನು ತಿಂದಿದ್ದೆ, ಇಬ್ಬರೂ ಊಟ ಚೆನ್ನಾಗಿದೆ ಎಂದು ಹೇಳಿಕೊಂಡಿದ್ದೆವು.

ನನ್ನ ಹೆಂಡತಿ ಯಾರನ್ನೂ ಕೇಳಲಿಲ್ಲ. ಎರಡೂ ಎಲೆ ಎತ್ತಿಕೊಂಡು ಹೋಗಿ, ಎರಡು ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆ, ಸೊಪ್ಪಿನ ಸಾರು ತಂದಿಟ್ಟಳು. ಮೇಷ್ಟರು ಮುದ್ದೆ ಮುರಿದವರು ತಡೆದು, ಬೀದಿಯ ಕಡೆ ನೋಡಿ, "ಕದ ಮುಂದಕ್ಕೆ ಮಾಡ್ಲೇನ್ರಿ?" ಎಂದರು.

"ಬೇಡ, ತೆಗೆದೇ ಇರಲಿ" ಎಂದೆ. ಅವರನ್ನು ತಡೆದದ್ದು ನಾನೇ. ಆದರೆ ಹಾಗೆನ್ನುವ ಮೊದಲು ಬೀದಿಯಲ್ಲಿ ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ನಾನೂ ಒಮ್ಮೆ ಬಗ್ಗಿ ನೋಡಿದೆ.