ಐದರ ಮಗ್ಗಿಯಲ್ಲಿ ಮುಂದೆ ನಿಂತವಳು

“ಮಿಸ್, ನಾನು ಏಳು!”

ಕಳೆದ ವಾರ ಉಕ್ಕಡಂ ಬಸ್ ನಿಲ್ದಾಣದಲ್ಲಿ ಬೆನ್ನ ಹಿಂದೆ ಕೇಳಿದ ದನಿಯಿದು. ತಿರುಗಿದರೆ ಕಾಲೇಜು ಬ್ಯಾಗ್ ಹೊತ್ತ ಯುವತಿ. ಸೆಲ್ವಿ! ಹೆಸರಿಗಿಂತ ಮೊದಲು ಅಂಕಿ ನೆನಪಾಗುವ ಭಾಗ್ಯ ಎಷ್ಟು ಜನರಿಗುಂಟು, ಹೇಳಿ?

ಅವಳಿನ್ನೂ ಪುಟ್ಟ ಹುಡುಗಿಯಾಗಿದ್ದಾಗಿನ ಮಾತು. ತಮಿಳು ಸೀಮೆಯ ಕುರಿಚಿಯ ಕಾರ್ಖಾನೆಯೊಂದರ ಕಚೇರಿಗೆ ಕರ್ನಾಟಕದಿಂದ ನಾನು ಹೊಸದಾಗಿ ಬಂದಿದ್ದ ದಿನಗಳವು. ಭಾನುವಾರ ನೇಕಾರರ ಬೀದಿಯ ಕನ್ನಡ ಮನೆಗಳ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಮಗ್ಗಗಳ ಸದ್ದು ಅಂದೂ ನಿಲ್ಲುತ್ತಿರಲಿಲ್ಲ (ನಿಲ್ಲಬೇಕಿತ್ತು, ರಜೆ ನೇಕಾರರ ಹಕ್ಕು). ಆ ಲಯಕ್ಕೇ ಮಕ್ಕಳು ಮಗ್ಗಿ ಹಾಡುತ್ತಿದ್ದರು. ನನ್ನ ಕಿವಿಯಲ್ಲಿ ಇಂದಿಗೂ ಆ ಎರಡು ದನಿಗಳು ಬೇರೆಯಾಗಿಲ್ಲ.

ಒಮ್ಮೆ ಬೀದಿಯ ಮದುವೆ ಮಂಟಪದಲ್ಲಿ ಹಿರಿಯರೆದುರು ಮಕ್ಕಳ ಪ್ರದರ್ಶನ ಏರ್ಪಡಿಸಿದೆ. ಆರು ಮಕ್ಕಳ ಕೊರಳಲ್ಲಿ ಆರು ರಟ್ಟು: 1, 4, 2, 8, 5, 7. ಈ 142857 ಎಂಥ ಸಂಖ್ಯೆ ಗೊತ್ತೇ? ಎರಡರಿಂದ ಆರರವರೆಗೆ ಯಾವುದರಿಂದ ಗುಣಿಸಿದರೂ ಅವೇ ಅಂಕಿಗಳು, ಅದೇ ಸುತ್ತಿನಲ್ಲಿ ಬರುತ್ತವೆ. ಮುಂದೆ ನಿಲ್ಲುವವರು ಮಾತ್ರ ಬದಲಾಗುತ್ತಾರೆ.

ಬೀದಿಯ ಯಜಮಾನರಿಗೆ ಯಾವ ಸಮಾರಂಭದಲ್ಲೂ ಮೊದಲ ವೀಳ್ಯ. ಆದ್ದರಿಂದ ‘1’ ತಮ್ಮ ಮೊಮ್ಮಗ ಸರವಣನಿಗೇ ಸಲ್ಲಬೇಕೆಂದು ಪಟ್ಟು ಹಿಡಿದು ಪಡೆದಿದ್ದರು. ಕೊನೆಯ ‘7’ ಸೆಲ್ವಿಗೆ ಉಳಿಯಿತು. ಅವಳ ತಾಯಿ ಬೀದಿ ಗುಡಿಸುವವರು; ಅವರೊಡನೆ ಬರುತ್ತಿದ್ದ ಅವಳನ್ನೂ ಪಾಠಕ್ಕೆ ಸೇರಿಸಿಕೊಂಡಿದ್ದೆ. ಮಗಳು ನನ್ನೊಡನೆ ಒಳಗೆ ಬಂದಳು. ತಾಯಿ ಹೊಸ್ತಿಲಾಚೆಯೇ ನಿಂತರು. (ಅವರು ಒಳಬರಬಾರದೆಂಬ ಕಟ್ಟಳೆಗೆ ಬೀದಿಯವರು ಸಂಪ್ರದಾಯ ಎನ್ನುತ್ತಿದ್ದರು. ಅದರ ಸರಿಯಾದ ಹೆಸರು ಅಪರಾಧ.)

ಎರಡರಿಂದ ಗುಣಿಸಿದೆವು: 285714. ಸರವಣ ಐದನೆಯವನಾದ. ಮೂರರಿಂದ: 428571. ಕೊನೆಯವನಾದ!

“ಏನ್ ಮಿಸ್, ನನ್ ಪೇರನ್ನ ಬಾಲ ಮಾಡ್ಬುಟ್ರಲ್ಲ?” ಮೊಮ್ಮಗನನ್ನು ತಮಿಳಿನಂತೆ ‘ಪೇರ’ ಎನ್ನುತ್ತಿದ್ದ ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು.

“ಕೂತ್ಕೊಳ್ಳಿ ಮಾವಾ, ನಿಮ್ ವೀಳ್ಯ ಎಲ್ಲೂ ಹೋಗಲ್ಲ!” ನೆಲದ ಮೇಲೆ ಕುಳಿತ ಹೆಂಗಸರ ನಡುವಿನಿಂದ ಅವರ ಸೊಸೆಯ ದನಿ. (ಹೆಂಗಸರಿಗೆ ಕುರ್ಚಿಗಳಿರಲಿಲ್ಲ, ಅದನ್ನೂ ದಾಖಲಿಸುತ್ತೇನೆ.) ಮಂಟಪವೆಲ್ಲ ನಕ್ಕಿತು.

ನಾಲ್ಕು ದಾಟಿತು. ಐದರಿಂದ ಗುಣಿಸಿದರೆ 714285. ಸೆಲ್ವಿ ಮುಂದೆ ಬರಬೇಕು. ನಗು ನಿಂತಿತು.

“ಐದು ಬುಟ್ಟು ಆರಕ್ಕೆ ಹೋಗ್ಲಿ,” ಎಂದರು ಯಜಮಾನರು.

ಸೆಲ್ವಿ ತನ್ನ ರಟ್ಟನ್ನು ಎರಡೂ ಕೈಗಳಿಂದ ಮುಚ್ಚಿಕೊಂಡಳು.

“ಆಗೋದಿಲ್ಲ,” ಎನ್ನಲು ನಾನು ಬಾಯ್ತೆರೆಯುವಷ್ಟರಲ್ಲಿ ಸರವಣ ಅವಳ ಕೈ ಹಿಡಿದು ಮುಂದಕ್ಕೆಳೆದು, ತಾನು ಹಿಂದೆ ನಿಂತ. “ಸುಮ್ನಿರು ತಾತಾ, ಲೆಕ್ಕ ಕಣಕ್ಕು ಎಲ್ಲಾ ತಪ್ಪೋಗ್ತದೆ. ಐದಕ್ಕೆ ಇವಳೇ ಮೊದ್ಲು!”

ಮೊದಲ ಚಪ್ಪಾಳೆ ಹೊಸ್ತಿಲಾಚೆಯಿಂದ ಬಂತು.

ಕೊನೆಗೆ ಏಳರಿಂದ ಗುಣಿಸಿದೆವು. ಮಕ್ಕಳು ರಟ್ಟು ತಿರುಗಿಸಿದರು: 999999. ಎಲ್ಲರೂ ಒಂಬತ್ತು! ಅಂದು ಮನೆಗೆ ಮರಳುವಾಗ ಲೋಕವೇ ಬದಲಾಯಿತೆಂದು ನಂಬಿದ್ದೆ.

ಸೆಲ್ವಿ ಈಗ ಗಣಿತದಲ್ಲೇ ಬಿಎಸ್ಸಿ ಓದುತ್ತಿದ್ದಾಳೆ.

“ಸರವಣ?” ಬಸ್ ನಿಲ್ದಾಣದಲ್ಲಿ ಕೇಳಿದೆ.

“ತಿರುಪ್ಪೂರಲ್ಲಿ ಬನಿಯನ್ ಕಂಪನಿಲಿ ಇದಾನೆ ಮಿಸ್. ಫೋನಲ್ಲಿ ಈಗ್ಲೂ ‘ಏ ಏಳೂ’ ಅಂತಾನೇ ಕರೀತಾನೆ.”

“ಅಮ್ಮ ಈಗ ಮಂಟಪದೊಳಗೆ ಬರ್ತಾರಾ?”

“ಬರ್ತಾರೆ ಮಿಸ್. ಮದುವೆ ಮುಗಿದು ಎಲ್ಲಾರೂ ಹೋದ್ಮೇಲೆ. ಗುಡಿಸೋಕೆ.”

ಐದನ್ನು ಬಿಟ್ಟು ಮಗ್ಗಿ ಹೇಳುವ ಈ ಮಂಟಪಗಳಿಗೆ ಲೆಕ್ಕ ಕಲಿಸುವವರು ಯಾರು?