ಹಾಯಿ ದೋಣಿಯಲ್ಲಿ ಬಿಚ್ಚಿದ ಬುತ್ತಿ

ಕಣ್ಣು ಸುತ್ತಲಿಂದ ಮಬ್ಬಾಗುತ್ತಾ ಬರುತ್ತಿದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದು ರಾಯಚೂರಿನ ಡಾಕ್ಟರು ಹೇಳಿದ ದಿನ ಅಕ್ಕ ಅಳಲಿಲ್ಲ. ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ, "ಕಣ್ಣು ಇರೋದ್ರಾಗ ಒಮ್ಮೆ ಹೊತ್ತು ಸಮುದ್ರದಾಗ ಮುಳುಗೋದು ನೋಡ್ಬೇಕಬೇ," ಎಂದಳಷ್ಟೆ. ದೇವದುರ್ಗಕ್ಕೆ ಸೊಸೆಯಾಗಿ ಹೋದವಳು ಹರಗೋಲಿನಲ್ಲಿ ಕೃಷ್ಣೆ ದಾಟಿದ್ದಳು. ಸಮುದ್ರವನ್ನು ಮಾತ್ರ ಮೊಬೈಲಿನಲ್ಲೇ ನೋಡಿದ್ದು.

ಮಾನ್ವಿಯ ಅಕ್ಕಿ ಗಿರಣಿ ಮನೆಗೆ ಕೊಟ್ಟ ತಂಗಿಯನ್ನೂ ಕರೆದುಕೊಂಡು ಮೂವರೂ ಕಾರವಾರಕ್ಕೆ ಹೋದೆವು. ಅಲ್ಲಿ ಹಳೆಯ ಕಟ್ಟಿಗೆಯ ಹಾಯಿ ದೋಣಿಯೊಂದರಲ್ಲಿ ಜನರನ್ನು ಸಂಜೆ ಸಮುದ್ರದೊಳಗೆ ಕರೆದೊಯ್ದು, ಹೊತ್ತು ಮುಳುಗಿದ ಮೇಲೆ ವಾಪಸು ತರುತ್ತಾರೆ. ಅಕ್ಕ ಅರ್ಧ ಓಣಿಗೆ ಸಾಲುವಷ್ಟು ಬುತ್ತಿ ಕಟ್ಟಿದ್ದಳು. ಜೋಳದ ರೊಟ್ಟಿ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಎಣ್ಣೆಗಾಯಿ. "ಅಲ್ಲೇನು ಊಟ ಸಿಗಂಗಿಲ್ಲೇನು?" ಎಂದು ಗೊಣಗಿದೆ. "ಮೀನು ತಿನ್ನಾಕ ಹೊಂಟೀಯೇನು?" ಎಂದು ನನ್ನ ಬಾಯಿ ಮುಚ್ಚಿಸಿದಳು.

ಹಾಯಿ ಬಿಚ್ಚಿದಾಗ ಅಕ್ಕ ನನ್ನ ಕೈ ಹಿಡಿದುಕೊಂಡು, ತಲೆಯನ್ನು ಅತ್ತಿತ್ತ ಹೊರಳಿಸಿ ಅದನ್ನು ತುಂಡು ತುಂಡಾಗಿ ನೋಡಿದಳು. ಒಮ್ಮೆಗೇ ಪೂರ್ತಿ ಕಾಣುವ ಕಾಲ ಆಗಲೇ ಮುಗಿದಿತ್ತು. ಸೂರ್ಯ ಇನ್ನೂ ಮೇಲಿದ್ದ. ಅಷ್ಟರಲ್ಲಿ ತಂಗಿ, "ಅಕ್ಕಾ, ಸಕ್ಕರಿ ಕಾಯಿಲಿ ನಂದು, ತಲಿ ತಿರುಗಾಕತ್ತದ, ಒಂದು ರೊಟ್ಟಿ ಕೊಡು," ಎಂದಳು. ಅಕ್ಕ ಬುತ್ತಿ ಬಿಚ್ಚಿದಳು.

ನಮ್ಮ ಕಡೆ ಬುತ್ತಿ ಬಿಚ್ಚಿದರೆ ಅಲ್ಲಿಗೆ ಮುಗಿಯುವುದಿಲ್ಲ. ನೀರಿನ ಮೇಲಿದ್ದರೆ ಮೊದಲ ತುತ್ತು ಗಂಗವ್ವನಿಗೆ. ಆಮೇಲೆ ಸುತ್ತ ಇದ್ದವರನ್ನು ಬಿಟ್ಟು ತಿನ್ನುವಂತಿಲ್ಲ, ಹಿರಿಯಳಾದವಳೇ ಎಲ್ಲರಿಗೂ ಬಡಿಸಬೇಕು. ಅಕ್ಕ ಪಡುವಣಕ್ಕೆ ಬೆನ್ನು ಹಾಕಿ ಕೂತು, ರೊಟ್ಟಿಯ ಮೇಲೆ ಹಿಂಡಿ ಹಾಕಿ ಹಾಕಿ ಗುರುತಿಲ್ಲದ ಪ್ರವಾಸಿಗಳ ಅಂಗೈಗೆ ಇಟ್ಟಳು. ಬೇಡವೆಂದವರಿಗೆ, "ಅರ್ಧಾರ ತಗೋರಿ," ಎಂಬ ಒತ್ತಾಯ ಬೇರೆ. ತಂಗಿಗೆ ತಲೆ ತಿರುಗುವುದು ನಿಂತು, ಅವಳು ಎರಡನೆಯ ರೊಟ್ಟಿಗೆ ಕೈ ಚಾಚಿದ್ದಳು.

"ಅಮ್ಮಾ, ಈಗ ಮುಳುಗ್ತದೆ, ಈ ಕಡೆ ನೋಡಿ," ಎಂದು ಚುಕ್ಕಾಣಿ ಹಿಡಿದಿದ್ದವನು ಕೂಗಿದ.

"ತಡಿಯಪ್ಪಾ, ನಿಂದೊಂದು ಉಳದದ," ಎಂದು ಅಕ್ಕ ಅವನಿಗೂ ರೊಟ್ಟಿ ಹಚ್ಚತೊಡಗಿದಳು. ಅದನ್ನು ಅವನ ಕೈಗಿಟ್ಟು ತಿರುಗಿದಾಗ ನೀರಿನ ಅಂಚಿನಲ್ಲಿ ಬರೀ ಕೆಂಪು ಉಳಿದಿತ್ತು.

"ಹೋತೇನು?"

"ಹೋತಕ್ಕಾ."

ಮರುದಿನ ಗಾಳಿ ಜೋರಾಗಿ ದೋಣಿ ಬಿಡಲಿಲ್ಲ. ಮಳೆಗಾಲ ಕಳೆಯಲಿ, ಮತ್ತೆ ಬಂದರಾಯಿತು ಎಂದುಕೊಂಡು ಊರಿಗೆ ಬಂದೆವು. ಮಳೆಗಾಲ ಕಳೆಯುವುದರೊಳಗೆ ಅಕ್ಕನ ಕಣ್ಣು ಪೂರ್ತಿ ಹೋಯಿತು. ಸಿಟ್ಟು ಮಾಡೋಣವೆಂದರೆ ಯಾರ ಮೇಲೆ ಮಾಡಬೇಕು? ಹಸಿದ ತಂಗಿಯ ಮೇಲೋ, ಬಡಿಸಿದ ಅಕ್ಕನ ಮೇಲೋ?

ಮೊನ್ನೆ ದೇವದುರ್ಗಕ್ಕೆ ಹೋಗಿದ್ದೆ. ಅಕ್ಕ ಸಂಜೆ ಬಿಸಿಲಿಗೆ ಮುಖ ಕೊಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ. ಇಷ್ಟು ದಿನ ಕೇಳದವಳು ಅಂದು ಕೇಳಿದಳು.

"ಅವತ್ತು ಹೊತ್ತು ಹೆಂಗ ಮುಳುಗ್ತಬೇ? ನೀ ಆ ಕಡಿಗೇ ಮುಖ ಮಾಡಿ ಕುಂತಿದ್ದೆಲ್ಲ, ಹೇಳು."

ಏನಾದರೂ ಕಟ್ಟಿ ಹೇಳಬಹುದಿತ್ತು.

"ನಾನೂ ನೋಡ್ಲಿಲ್ಲಕ್ಕಾ. ತಲಿ ಬಗ್ಗಿಸಿ ರೊಟ್ಟಿ ತಿನ್ನಾಕತ್ತಿದ್ದೆ."

ಅಕ್ಕ ತಡಕಾಡಿ ನನ್ನ ಕೈ ಹಿಡಿದುಕೊಂಡಳು.

"ರೊಟ್ಟಿ ಮೆತ್ತಗಿದ್ವೇನು? ನನಗೊಂದೂ ಉಳೀಲಿಲ್ಲ ನೋಡು."