ಕೆಮ್ಮು ಕೇಳುತ್ತಾ ಕೂರುವ ನಮ್ಮತ್ತೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು, ಪದಗಳೂ ನನ್ನ ಬಳಿ ಹೆಚ್ಚಿಲ್ಲ. ಒಂದೊಂದು ಸಾಲನ್ನೂ ಮೊದಲು ಪೆನ್ಸಿಲಿನಲ್ಲಿ ಬರೆದು, ಓದಿ ನೋಡಿ, ಆಮೇಲೆ ಪೆನ್ನಿನಲ್ಲಿ ಬರೆದಿದ್ದೇನೆ. ಆದರೂ ತಪ್ಪುಗಳಿದ್ದರೆ ಟಿಕೆಟ್ ಮಾವ ತಿದ್ದಿಕೊಳ್ಳಬೇಕು. ಅವರು ನಮ್ಮ ರಂಗಮಂದಿರದ ಕಿಟಕಿಯಲ್ಲಿ ಕೂತು ಟಿಕೆಟ್ ಕೊಡುತ್ತಾರೆ, ರಂಗಮಂದಿರದ ಸಣ್ಣ ಪತ್ರಿಕೆಯನ್ನೂ ಅವರೇ ನಡೆಸುತ್ತಾರೆ. "ನಿಮ್ಮತ್ತೆ ಬಗ್ಗೆ ಬರೆದುಕೊಡಮ್ಮ. ಬಾಯಿ ಬಿಟ್ಟು ಹೇಳೋದಂತೂ ನಿನ್ನಿಂದ ಆಗಲ್ಲ" ಅಂದರು. ಅದು ನಿಜ. ಹೊಸಬರು ನನ್ನ ಹೆಸರು ಕೇಳಿದರೂ ನಾನು ಅತ್ತೆಯ ಮುಖ ನೋಡುತ್ತೇನೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ರಂಗಮಂದಿರದಲ್ಲಿ ಎಲ್ಲರಿಗೂ ಅವರು ಸೂಜಿಯಮ್ಮ. ಗುಂಡಿ ಹೊಲಿಯುವ ಕೆಲಸಕ್ಕೆಂದು ಲಂಗ ತೊಡುವ ವಯಸ್ಸಿನಲ್ಲಿ ಬಂದವರು, ಈಗ ಅವರ ತಲೆಯಲ್ಲಿ ಕಪ್ಪು ಕೂದಲು ಹುಡುಕಬೇಕು. ರಾಜರಿಗೆ ನಿಲುವಂಗಿ, ಭಿಕ್ಷುಕರಿಗೆ ತೇಪೆ, ಹುಲಿಗೆ ಪಟ್ಟೆ, ಎಲ್ಲ ಅವರ ಕೈಯದೇ. ಹೊಲಿಗೆ ಕೋಣೆ ಇರುವುದು ವೇದಿಕೆಯ ಅಡಿಯಲ್ಲಿ. ಮೇಲೆ ಕುಣಿದರೆ ಹಲಗೆಯ ಸಂದಿಯಿಂದ ಧೂಳು ಉದುರಿ ನಮ್ಮ ತಲೆ ಮೇಲೆ ಬೀಳುತ್ತದೆ. ಅಲ್ಲಿ ಕಾಲಿನಲ್ಲಿ ತುಳಿಯುವ ಒಂದು ಹೊಲಿಗೆ ಮೆಷಿನ್ನು, ಒಂದು ಇಸ್ತ್ರಿ ಪೆಟ್ಟಿಗೆ, ಗುರುತು ಹಾಕಲು ಸವೆದ ಸೋಪಿನ ಚೂರುಗಳು, ನಾನು. ಅತ್ತೆಗೆ ದಾರ ಪೋಣಿಸಿಕೊಡುವುದು ನನ್ನ ಮುಖ್ಯ ಕೆಲಸ. ಅವರ ಕಣ್ಣು ಈಗ ಸೂಜಿಯ ತೂತನ್ನು ಹಿಡಿಯುವುದಿಲ್ಲ.

ಇಷ್ಟು ವರ್ಷದಲ್ಲಿ ಅತ್ತೆ ಒಂದು ನಾಟಕವನ್ನೂ ಪೂರ್ತಿ ನೋಡಿಲ್ಲ. ಏಕೆ ಎಂದು ಒಮ್ಮೆ ಕೇಳಿದ್ದೆ.

"ನೋಡಿದ್ರೆ ನನಗೆ ಹೊಲಿಗೆ ಮಾತ್ರ ಕಾಣುತ್ತೆ ಕಣೇ, ನಾಟಕ ಕಾಣಲ್ಲ. ರಾಣಿ ಅಳ್ತಾ ಇದ್ರೆ, ಅಯ್ಯೋ ಇವಳ ತೋಳು ಬಿಗಿ ಆಯ್ತಲ್ಲ ಅಂತ ನಾನೂ ಅಳ್ತೀನಿ."

ಆದ್ದರಿಂದ ಅವರು ಕೆಳಗೆ ಕೂತು ಜನರ ಸದ್ದನ್ನು ಕೇಳುತ್ತಾರೆ. ಮುಖ್ಯವಾಗಿ ಕೆಮ್ಮನ್ನು. ನಾಟಕದಲ್ಲಿ ಮುಳುಗಿದವರು ಕೆಮ್ಮುವುದಿಲ್ಲ, ಬೇಸರವಾದ ತಕ್ಷಣ ಗಂಟಲು ಕೆರೆಯುತ್ತದೆ ಎನ್ನುವುದು ಅವರ ಲೆಕ್ಕ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಇವತ್ತು ಕೆಮ್ಮು ಜಾಸ್ತಿ, ಎರಡನೇ ಅಂಕ ಎಳೀತಿದ್ದಾರೆ" ಎನ್ನುತ್ತಾರೆ. ಆಟ ಮುಗಿದ ಮೇಲೆ ನಮ್ಮ ನಿರ್ದೇಶಕರೂ ಬಾಗಿಲಲ್ಲಿ ತಲೆ ಹಾಕಿ, "ಸೂಜಿಯಮ್ಮ, ಹೇಗಿತ್ತು ಕೆಮ್ಮು?" ಎಂದು ಕೇಳುವುದುಂಟು. ನಿರ್ದೇಶಕರನ್ನು ನಾವೆಲ್ಲರೂ ಮೇಷ್ಟ್ರು ಎನ್ನುತ್ತೇವೆ.

ಈ ಸಲ ಮೇಷ್ಟ್ರು ಮಕ್ಕಳ ಕಾರ್ಟೂನ್ ಸಿನಿಮಾ ಒಂದನ್ನು ಹಾಡು ಕುಣಿತದ ನಾಟಕ ಮಾಡಲು ಹೊರಟರು. ದಾರಿ ತಪ್ಪಿ ನದಿಗೆ ಬಂದ ತಿಮಿಂಗಿಲವನ್ನು ಒಬ್ಬ ಹುಡುಗಿ ಮತ್ತೆ ಕಡಲಿಗೆ ಮುಟ್ಟಿಸುವ ಕತೆ. ಆ ಸಿನಿಮಾ ನೋಡದ ಮಗು ನಮ್ಮ ಬೀದಿಯಲ್ಲಿಲ್ಲ. ಅದರಲ್ಲಿ ತಿಮಿಂಗಿಲ ನೀಲಿಯಾಗಿ ಫಳಫಳ ಹೊಳೆಯುತ್ತದೆ, ರೆಪ್ಪೆ ಬಡಿಯುತ್ತದೆ, ಸಣ್ಣ ದನಿಯಲ್ಲಿ ಹಾಡುತ್ತದೆ. ಅದನ್ನು ವೇದಿಕೆ ಮೇಲೆ ತರುವ ಕೆಲಸ ಅತ್ತೆಯ ಪಾಲಿಗೆ ಬಂತು.

ಅತ್ತೆ ಬಹಳ ದಿನ ಏನನ್ನೂ ಕತ್ತರಿಸಲಿಲ್ಲ. ಒಂದು ಸಂಜೆ ಟಿಕೆಟ್ ಮಾವ ಬಾಗಿಲಲ್ಲಿ ನಿಂತು ನೆನೆದ ಕೊಡೆಯನ್ನು ಮೆಲ್ಲಗೆ ಮಡಿಸುತ್ತಿದ್ದರು.

"ಇನ್ನೊಂದ್ಸಲ ಬಿಚ್ಚಿ" ಎಂದರು ಅತ್ತೆ.

"ಯಾಕಮ್ಮ, ಒಳಗೂ ಸೋರುತ್ತಾ?"

"ಬಿಚ್ಚಿ ಅಂದ್ರೆ ಬಿಚ್ಚಿ. ಈಗ ಮುಚ್ಚಿ. ಮೆತ್ತಗೆ." ಅವರು ಕಣ್ಣು ಮುಚ್ಚಿ ಕೇಳಿದರು. "ಉಸಿರಾಡ್ತಿದೆ ನೋಡೇ."

ನಾನೂ ಕೇಳಿದೆ. ಬಟ್ಟೆ ಹಿಗ್ಗಿ ಕುಗ್ಗುವಾಗ ಮಲಗಿದ ದೊಡ್ಡ ಪ್ರಾಣಿಯ ಉಸಿರಿನ ಸದ್ದು ಬರುತ್ತಿತ್ತು. 

ಮರುದಿನದಿಂದ ನಾನು ಕೊಡೆ ರಿಪೇರಿಯವನ ಅಂಗಡಿಯಿಂದ ಹರಿದ ಕೊಡೆಗಳ ಬಟ್ಟೆಯನ್ನು ಗೋಣಿಚೀಲದಲ್ಲಿ ಹೊತ್ತು ತಂದೆ. ಕಪ್ಪು, ಬೂದು, ಬಿಸಿಲಿಗೆ ಬಣ್ಣ ಹೋದವು. ಅತ್ತೆ ಅವನ್ನು ಜೋಡಿಸಿ ನೆರಿಗೆ ನೆರಿಗೆಯಾಗಿ ಹೊಲಿದರು. ಬೆತ್ತದ ಪಕ್ಕೆಲುಬುಗಳನ್ನು ಬಡಗಿ ಮಾಡಿಕೊಟ್ಟ. ಹೊರುವವರು ಏಳು ಜನ. ಹೊಟ್ಟೆಯ ಬಳಿ ಇರುವವನು ಹಗ್ಗ ಎಳೆದು ಬಿಟ್ಟರೆ ನೆರಿಗೆಗಳು ತೆರೆದು ಮುಚ್ಚಿ ತಿಮಿಂಗಿಲ ಉಸಿರಾಡುತ್ತದೆ. ಹೊರುವವರ ಕಾಲು ಕಾಣುತ್ತದೆ. ಕಾಲು ಮುಚ್ಚುವಷ್ಟು ಬಟ್ಟೆ ಇಳಿಬಿಟ್ಟರೆ ನೆರಿಗೆ ಆಡುವುದಿಲ್ಲ, ಉಸಿರೂ ಬರುವುದಿಲ್ಲ, ಹಾಗಾಗಿ ಅತ್ತೆ ಮುಚ್ಚಲಿಲ್ಲ.

"ಏನು ಸೂಜಿಯಮ್ಮ, ನಿಮ್ಮ ಮೀನಿಗೆ ಜ್ವರ ಬಂದಿದೆಯಾ? ಬಣ್ಣಾನೇ ಇಲ್ಲ" ಎಂದು ಬಡಗಿ ಕಿಚಾಯಿಸಿದ.

"ಅದು ಮೀನಲ್ಲ ಕಣೋ, ಮರಿಗೆ ಹಾಲು ಕೊಡೋ ಜೀವ. ನಿನ್ನ ಥರ ಮರದ ತುಂಡಲ್ಲ."

ಆದರೆ ಮೇಷ್ಟ್ರಿಗೆ ನಿಜಕ್ಕೂ ಭಯ ಹುಟ್ಟಿತು. ಮೊದಲ ಪ್ರದರ್ಶನದ ಬೆಳಿಗ್ಗೆ ಕೆಳಗೆ ಬಂದು ಸ್ಟೂಲಿನ ಮೇಲೆ ಕೂತರು.

"ನನಗೆ ಇದು ಇಷ್ಟ ಅಮ್ಮ. ಆದ್ರೆ ಮಕ್ಕಳು ದೊಡ್ಡವರ ಹಾಗೆ ಮರ್ಯಾದೆಗೆ ಸುಮ್ನೆ ಕೂರಲ್ಲ. ನೀಲಿ ಇಲ್ಲ, ಹಾಡಲ್ಲ, ಕೆಳಗೆ ಹದಿನಾಲ್ಕು ಕಾಲು. 'ಇದು ನಮ್ಮ ತಿಮಿಂಗಿಲ ಅಲ್ಲ' ಅಂತ ಒಂದು ಮಗು ಕೂಗಿದ್ರೆ ಮುಗೀತು. ಇವತ್ತು ನೋಡೋಣ. ಒಪ್ಪಲಿಲ್ಲ ಅಂದ್ರೆ ನಾಳೆಯಿಂದ ಪರದೆ ಕಟ್ಟಿ ಸಿನಿಮಾದ ತುಣುಕನ್ನೇ ತೋರಿಸ್ತೀನಿ. ಬೇಜಾರು ಮಾಡ್ಕೋಬೇಡಿ."

"ಆಗಲಿ ಮೇಷ್ಟ್ರೇ" ಎಂದರು ಅತ್ತೆ.

ಹೊಸ ಬಿಳಿ ಪರದೆ ಆಗಲೇ ಬಂದಿತ್ತು, ಸುರುಳಿಯಾಗಿ ನಮ್ಮ ಕೋಣೆಯ ಮೂಲೆಯಲ್ಲೇ ನಿಂತಿತ್ತು. ಮೇಷ್ಟ್ರು ಹೋದ ಮೇಲೆ ಅತ್ತೆ ನಾನು ಪೋಣಿಸಿಕೊಟ್ಟ ಸೂಜಿಯನ್ನು ಮರಳಿ ನನ್ನ ಕೈಗೇ ಕೊಟ್ಟರು.

"ತಿಮಿಂಗಿಲಾನ ಉಗ್ರಾಣಕ್ಕೆ ಹಾಕಿದ್ರೆ ಇಲಿ ಬಿಡಲ್ಲ" ಎಂದರು. ಕಣ್ಣುಜ್ಜಿಕೊಂಡು, "ಇಷ್ಟು ದೊಡ್ಡದನ್ನ ಇನ್ನೊಂದ್ಸಲ ಮಾಡೋಕೆ ನನಗೆ ಕಣ್ಣಿಲ್ಲ ಕಣೇ" ಎಂದರು.

ಮಧ್ಯಾಹ್ನದ ಆಟಕ್ಕೆ ರಂಗಮಂದಿರ ತುಂಬಿತು. ಚಳಿಯ ದಿನಗಳು, ಅರ್ಧ ಮಕ್ಕಳಿಗೆ ನೆಗಡಿ. ಮೊದಲ ಹಾಡು ಶುರುವಾದದ್ದೇ ತಡ, ಮಕ್ಕಳೆಲ್ಲ ಹಾಡುವವರಿಗಿಂತ ಮುಂದೆ ಓಡಿ ತಾವೇ ಹಾಡಿದರು. ನಕ್ಕರು, ಕೂಗಿದರು, ನಡುನಡುವೆ ಕೆಮ್ಮಿದರು. ಅತ್ತೆ ತಲೆದೂಗಿ, "ಪರವಾಗಿಲ್ಲ" ಎಂದರು.

ಆಮೇಲೆ ತಿಮಿಂಗಿಲ ಮರಳಿನ ಮೇಲೆ ಸಿಕ್ಕಿಕೊಳ್ಳುವ ದೃಶ್ಯ. ವಾದ್ಯಗಳು ನಿಂತವು. ತಿಮಿಂಗಿಲ ಒಳಗೆ ಬಂತೆಂದು ಹಲಗೆಯ ಭಾರದಿಂದ ಗೊತ್ತಾಯಿತು. ಅತ್ತೆ ತಲೆ ಎತ್ತಿ ಕಾದರು. ಏನೂ ಇಲ್ಲ. ಚಪ್ಪಾಳೆ ಇಲ್ಲ, ನಗು ಇಲ್ಲ, ಕುರ್ಚಿಯ ಕಿರ್ರೆನ್ನುವ ಸದ್ದು ಇಲ್ಲ. ಒಂದು ಕೆಮ್ಮೂ ಇಲ್ಲ.

ಅತ್ತೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. "ಎದ್ದು ಹೋದ್ರು."

ನಾನು ಇಲ್ಲ ಎನ್ನುವಂತೆ ತಲೆ ಆಡಿಸಿದೆ.

"ನಿನಗೆ ಗೊತ್ತಿಲ್ಲ. ಹಿಂದೆ ಒಂದ್ಸಲ ಕರೆಂಟು ಹೋಗಿ ಜನ ಎಲ್ಲ ಎದ್ದು ಹೋಗಿದ್ರು, ಆಗ ಹೀಗೇ ಇತ್ತು. ಇಷ್ಟು ನೆಗಡಿ ಇಟ್ಕೊಂಡು ಕೆಮ್ಮೇ ಇಲ್ಲ ಅಂದ್ರೆ, ಕೆಮ್ಮೋರೇ ಇಲ್ಲ ಅಂತ. ಹೋಗಿ ನೋಡ್ಕೊಂಡು ಬಾ." ಇಷ್ಟು ಹೇಳಿ, ತಿಮಿಂಗಿಲ ಸುತ್ತಿಡಲು ಹಳೇ ಜಮಖಾನವನ್ನು ನೆಲದ ಮೇಲೆ ಹಾಸತೊಡಗಿದರು.

ನಾನು ಮರದ ಏಣಿ ಹತ್ತಿ ವೇದಿಕೆಯ ಪಕ್ಕದ ಪರದೆಯ ಸಂದಿಯಿಂದ ನೋಡಿದೆ.

ಅದನ್ನು ಹೇಗೆ ಬರೆಯಲಿ? ಈ ಜಾಗದಲ್ಲಿ ಪೆನ್ಸಿಲಿನಲ್ಲಿ ಬರೆದದ್ದನ್ನು ತುಂಬಾ ಸಲ ಅಳಿಸಿದ್ದೇನೆ. ಒಬ್ಬರೂ ಎದ್ದು ಹೋಗಿರಲಿಲ್ಲ. ಸಾಲು ಸಾಲು ಮುಖಗಳು, ವೇದಿಕೆಯ ಮಂದ ಬೆಳಕು ಎಲ್ಲರ ಕೆನ್ನೆಯ ಮೇಲೆ. ಮಕ್ಕಳ ಬಾಯಿ ತೆರೆದಿತ್ತು. ಕೈಕಟ್ಟಿ ಕೂತಿದ್ದ ಒಬ್ಬ ದಪ್ಪ ಮೀಸೆಯ ಅಪ್ಪನ ಬಾಯಿಯೂ ತೆರೆದಿತ್ತು. ತಿಮಿಂಗಿಲದ ಹೊಟ್ಟೆ ಮೇಲೆದ್ದರೆ ಅಷ್ಟೂ ಎದೆಗಳು ಮೇಲೇಳುತ್ತಿದ್ದವು, ಇಳಿದರೆ ಇಳಿಯುತ್ತಿದ್ದವು. ಇಡೀ ಮಂದಿರ ಅದರ ಜೊತೆ ಉಸಿರಾಡುತ್ತಿತ್ತು.

ಓಡಿ ಇಳಿದೆ. 

"ಖಾಲಿ ಇದೆ ತಾನೇ?" ಎಂದರು ಅತ್ತೆ.

ನಾನು ಅವರ ಕೈ ಹಿಡಿದು ಎಳೆದೆ. "ಬಿಡೇ, ಮಂಡಿ ನೋವು" ಎಂದು ಬೈಯುತ್ತಲೇ ಏಣಿ ಹತ್ತಿದರು. ಸಂದಿಯ ಮುಂದೆ ಅವರನ್ನು ನಿಲ್ಲಿಸಿದೆ. ಬೈಗುಳ ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ತಿಮಿಂಗಿಲದ ಉಸಿರು ನಿಂತುಹೋಗುವ ಜಾಗ ಬಂತು. ಹೊಟ್ಟೆ ಇಳಿಯಿತು, ಮತ್ತೆ ಏಳಲಿಲ್ಲ. ಮಂದಿರದಲ್ಲಿ ಯಾರೂ ಉಸಿರು ತೆಗೆದುಕೊಳ್ಳಲಿಲ್ಲ. ಮುಂದಿನ ಸಾಲಿನ ಒಬ್ಬ ತಾಯಿ ಮಗುವಿನ ಕಡೆ ಬಾಗಿ ಏನೋ ಸಮಾಧಾನ ಹೇಳಲು ಹೋದಳು.

"ಸುಮ್ನಿರಮ್ಮ" ಎಂದಿತು ಮಗು. "ಅದಕ್ಕೆ ಉಸಿರಾಡೋಕೆ ಬಿಡು."

ನೆರಿಗೆಗಳು ಮೆಲ್ಲಗೆ ತೆರೆದವು. ಕೊಡೆ ಬಟ್ಟೆಯ ಆ ಸದ್ದು ಕೊನೆಯ ಸಾಲಿನವರೆಗೂ ಹೋಯಿತು. ಇಡೀ ಮಂದಿರ ಒಟ್ಟಿಗೆ ಉಸಿರು ಬಿಟ್ಟಿತು. ಮರುಕ್ಷಣವೇ ಕೆಮ್ಮು. ಮುಂದೆ, ಹಿಂದೆ, ಮೇಲೆ, ಎಲ್ಲ ಕಡೆ, ತಡೆದು ತಡೆದು ಇಟ್ಟುಕೊಂಡಿದ್ದ ಕೆಮ್ಮೆಲ್ಲ ಒಮ್ಮೆಲೇ. ಮೀಸೆಯ ಅಪ್ಪ ಕಣ್ಣೊರೆಸಿಕೊಳ್ಳುತ್ತಾ ಕೆಮ್ಮಿದ.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. "ಅಯ್ಯೋ ನನ್ನ ಕಂದಮ್ಮಗಳಾ, ಇಷ್ಟೊಂದು ಕೆಮ್ಮು ಒಳಗೇ ಇಟ್ಕೊಂಡಿದ್ರಾ!" ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು. ಕೊನೆಯ ಹಾಡಿನವರೆಗೂ ಅವರು ಆ ಸಂದಿ ಬಿಟ್ಟು ಅಲ್ಲಾಡಲಿಲ್ಲ.

ಆಟ ಬಿಟ್ಟಾಗ ಹೊರಬಾಗಿಲ ಬಳಿ ಒಬ್ಬ ತಂದೆ ಮಗಳನ್ನು ಕೇಳುತ್ತಿದ್ದ, "ಸಿನಿಮಾದ್ದು ನೀಲಿ ಇತ್ತಲ್ಲ?"

"ಅದು ಬಣ್ಣ ಹಾಕಿದ್ದು. ಇದು ನಿಜವಾದ್ದು."

"ಕೆಳಗೆ ಜನರ ಕಾಲು ಕಾಣಿಸ್ತಿತ್ತಲ್ಲೇ?"

"ಕಾಣಿಸ್ತು. ಪಾಪ, ಅವರು ಅದಕ್ಕೆ ಸಹಾಯ ಮಾಡ್ತಿದ್ರು."

ಮೇಷ್ಟ್ರು ಕೆಳಗೆ ಬಂದರು. ಎಂದಿನ ಹಾಗೆ "ಹೇಗಿತ್ತು ಕೆಮ್ಮು?" ಎಂದು ಕೇಳಲಿಲ್ಲ. "ಪರದೆ ಬೇಡ ಸೂಜಿಯಮ್ಮ" ಎಂದರು, ಅಷ್ಟೇ.

"ಬೇಡ ಅಂದ್ರೆ ಆ ಬಟ್ಟೆ ನನಗೆ ಕೊಡಿ" ಎಂದರು ಅತ್ತೆ. "ಹೊಟ್ಟೆಗೆ ಒಳಗಿನಿಂದ ಅಸ್ತರು ಹಾಕ್ತೀನಿ. ದಿನಾ ಇಷ್ಟು ಉಸಿರಾಡಿದ್ರೆ ಕೊಡೆ ಬಟ್ಟೆ ತಡಿಯಲ್ಲ."

ಮನೆಗೆ ನಡೆಯುವಾಗ ಅತ್ತೆ ನನ್ನ ಹೆಗಲು ಹಿಡಿದುಕೊಂಡಿದ್ದರು. "ಒಂದು ಹೊಲಿಗೇನೂ ಕಾಣಲಿಲ್ಲ ಕಣೇ" ಎಂದರು. 

ನನಗೆ ಕಂಡಿತ್ತು. ಬಾಲದ ಬಳಿ ಒಂದು ಗೇಣು ಹೊಲಿಗೆ ಬಿಟ್ಟುಹೋಗಿದೆ. ನಾನು ಅವರಿಗೆ ಹೇಳಲಿಲ್ಲ.

ಇದನ್ನು ಅದೇ ರಾತ್ರಿ, ಅತ್ತೆ ಮಲಗಿದ ಮೇಲೆ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅತ್ತೆಗಿಂತ ಮೊದಲೇ ಹೋಗಿ ಬಾಲ ಹೊಲಿಯುತ್ತೇನೆ. ಅವರು ಬಂದ ಮೇಲೆ ಇಬ್ಬರೂ ಕೂತು ಅಸ್ತರಿಗೆಂದು ಆ ಬಿಳಿ ಪರದೆಯ ಅಂಚು ಬಿಚ್ಚುತ್ತೇವೆ.